ಶಂಖಕ್ಕೂ ಮೊದಲಿನ ಕಡಲು

ಸವದತ್ತಿಯ ಯಲ್ಲಮ್ಮನ ಗುಡ್ಡವು ಒಂದಾನೊಂದು ಕಾಲದಲ್ಲಿ ಕಡಲಿನ ತಳವಾಗಿತ್ತೆಂದು ಹೇಳಿದರೆ, ಕೇಳಿದವರ ಬಾಯಿಂದ ಮೊದಲು ಹೊರಡುವ ಪ್ರಶ್ನೆ, ಹಾಗಾದರೆ ಆ ಕಡಲಿನ ಶಂಖವೆಲ್ಲಿ, ಕವಡೆಯೆಲ್ಲಿ, ಎಂಬುದೇ ಆಗಿರುತ್ತದೆ. ಪ್ರಶ್ನೆ ನ್ಯಾಯವಾದುದು. ಭರತ ಹುಣ್ಣಿಮೆಗೆ ಗುಡ್ಡವನ್ನೇರುವ ಜೋಗತಿಯರ ಕೊರಳಲ್ಲಿ ಕವಡೆಯ ಸರವಿರುತ್ತದೆ. ದೂರದ ಸಾಗರದ ಬಸವನಹುಳುವೊಂದರ ಚಿಪ್ಪಾದ ಆ ಕವಡೆ, ವರ್ತಕರ ಕೈಯಿಂದ ಕೈಗೆ ಸಾಗಿ, ತಾಯಿಯ ಮುದ್ರೆಯೆನಿಸಿ, ಪೂಜೆಗೊಳ್ಳುತ್ತ ಎಷ್ಟು ತಲೆಮಾರುಗಳಿಂದ ಈ ಬಯಲುಸೀಮೆಗೆ ಬರುತ್ತಿದೆಯೋ ಬಲ್ಲವರಾರು! ಆದರೆ ಆ ಭಕ್ತರ ಪಾದದಡಿಯ ಬೆಣಚುಶಿಲೆಯನ್ನು ಎಷ್ಟು ಸೀಳಿ ನೋಡಿದರೂ ಒಂದು ಶಂಖವಾಗಲಿ, ಒಂದು ಕವಡೆಯಾಗಲಿ, ಚಿಪ್ಪಿನ ಒಂದು ಚೂರಾಗಲಿ ದೊರೆಯುವುದಿಲ್ಲ. ಕಡಲು ಇರಲಿಲ್ಲವೆಂಬುದು ಇದಕ್ಕೆ ಕಾರಣವಲ್ಲ. ಚಿಪ್ಪು ಕಟ್ಟಿಕೊಳ್ಳುವ ಪ್ರಾಣಿಯೇ ಭೂಮಿಯ ಮೇಲೆ ಇನ್ನೂ ಹುಟ್ಟಿರದಷ್ಟು ಪ್ರಾಚೀನವಾದ ಕಡಲು ಅದು ಎಂಬುದೇ ಕಾರಣ.

ಈ ಸಂಗತಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪ್ರತಿಯೊಂದು ಶಾಲೆಯ ಮಗುವಿಗೂ ತಿಳಿದಿರತಕ್ಕದ್ದು. ಏಕೆಂದರೆ ಭೂವಿಜ್ಞಾನಿಗಳು ಈ ನೆಲದ ಶಿಲೆಗಳಿಗೆ ಹೆಸರಿಡುವಾಗ ಬೇರೆಲ್ಲಿಂದಲೂ ಹೆಸರನ್ನು ತರಲಿಲ್ಲ. ನಮ್ಮ ಊರುಗಳ ಹೆಸರನ್ನೇ ಇಟ್ಟರು. ಬೆಳಗಾವಿಯಿಂದ ಬಾಗಲಕೋಟೆಯವರೆಗೆ ಹಬ್ಬಿರುವ ಕಲಾದಗಿ ಶಿಲಾದ್ರೋಣಿಯ ಕೆಳಗಿನ ಪದರಗಳಿಗೆ ರಾಮದುರ್ಗ ಸ್ತರವೆಂದೂ, ಅದರೊಳಗಿನ ಬಿಳಿಯ, ಕೆಂಪುಛಾಯೆಯ ಗಟ್ಟಿ ಬೆಣಚುಶಿಲೆಗೆ ಸವದತ್ತಿ ಕ್ವಾರ್ಟ್ಸೈಟೆಂದೂ ಹೆಸರು; ಅದರ ಮೇಲಣ ಜೇಡಿಶಿಲೆಗೆ ಮುನವಳ್ಳಿಯ ಹೆಸರೂ, ಮೇಲಿನ ಇನ್ನೊಂದು ಸ್ತರಕ್ಕೆ ಯರಗಟ್ಟಿಯ ಹೆಸರೂ ಸಲ್ಲುತ್ತವೆ. ಈ ಸೀಮೆಯನ್ನು ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ಸುತ್ತಿ, 1876ರಲ್ಲಿ ದಕ್ಷಿಣ ಮರಾಠಾ ಪ್ರಾಂತದ ಭೂರಚನೆಯನ್ನು ಕುರಿತ ಬೃಹತ್ ವರದಿಯನ್ನು ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಮಹಾಶಯನಿಂದ ಮೊದಲ್ಗೊಂಡು, 1987ರಲ್ಲಿ ಈ ದ್ರೋಣಿಯ ಪದರಗಳನ್ನೆಲ್ಲ ಕ್ರಮಪಡಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ವಿದ್ವಾಂಸರವರೆಗೆ, ನೂರು ವರ್ಷಗಳ ಪರಿಶ್ರಮದಿಂದ ಈ ನಾಮಾವಳಿ ಸಿದ್ಧವಾಯಿತು. ಜಗತ್ತಿನ ಯಾವ ಮೂಲೆಯ ವಿದ್ವಾಂಸನೇ ಆಗಲಿ ಈ ಶಿಲೆಯನ್ನು ಕುರಿತು ಬರೆಯುವಾಗ ನಮ್ಮ ಊರಿನ ಹೆಸರನ್ನು ಬರೆಯಲೇಬೇಕು. ಆ ಊರಿನವರಿಗೆ ಮಾತ್ರ ಆ ವಿಷಯ ಗೊತ್ತಿಲ್ಲ.

ಇನ್ನು ಶಿಲೆಯ ವಯಸ್ಸಿನ ಮಾತು. ಬೆಣಚುಶಿಲೆಯೂ ಅದರ ಮೇಲಣ ಸುಣ್ಣಶಿಲೆಯೂ ನೂರು ಕೋಟಿ ವರ್ಷಗಳಿಗೂ ಹಿಂದಿನವು. ಚಿಪ್ಪುಳ್ಳ ಮೃದ್ವಂಗಿಗಳ, ಎಂದರೆ ಶಂಖ, ಸಿಂಪಿ, ಬಸವನಹುಳುಗಳ ಪೂರ್ವಜರ, ಮೊದಲ ಗುರುತುಗಳು ಜಗತ್ತಿನ ಶಿಲೆಗಳಲ್ಲಿ ಕಾಣಿಸಿಕೊಳ್ಳುವುದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಮಲಪ್ರಭೆಯ ಸೀಮೆಯ ಕಡಲು ಬಂದು, ನಿಂತು, ಬತ್ತಿ, ಅದರ ಮರಳು ಶಿಲೆಯಾಗಿ, ಶಿಲೆ ಮಡಿಚಿಕೊಂಡು ಗುಡ್ಡವಾದ ಮೇಲೂ ಕೋಟ್ಯಂತರ ವರ್ಷ ಕಳೆದು, ಆಮೇಲಷ್ಟೇ ಮೊದಲ ಶಂಖದ ಹುಳು ಎಲ್ಲೋ ಒಂದು ಸಾಗರದಲ್ಲಿ ತನ್ನ ಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹರಿದಾಡಿತು.

ಚಿಪ್ಪಿಲ್ಲವೆಂದ ಮಾತ್ರಕ್ಕೆ ಸಾಕ್ಷಿಯಿಲ್ಲವೆಂದಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆ ಬೆಣಚುಗುಡ್ಡದ ಸಾಲನ್ನು ಸೀಳಿಕೊಂಡು ಹೊರಬೀಳುವ ಕಣಿವೆಯ ಸುತ್ತಣ ಗುಡ್ಡಗಳಲ್ಲಿ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ, ಹಾಸುಗಲ್ಲಿನ ಮೈಯನ್ನು ಬಗ್ಗಿ ನೋಡಬೇಕು. ಒಂದಕ್ಕೊಂದು ಸಮಾನಾಂತರವಾಗಿ, ಬೆರಳಗಲದ ಅಂತರದಲ್ಲಿ, ಉಬ್ಬು ತಗ್ಗು ಉಬ್ಬು ತಗ್ಗಾಗಿ ಸಾಗಿರುವ ಗೆರೆಗಳು ಅಲ್ಲಿ ಕಂಡುಬರುತ್ತವೆ. ಆಳವಲ್ಲದ ನೀರು ಮರಳಿನ ಮೇಲೆ ಹಿಂದೆ ಮುಂದೆ ಆಡುವಾಗ ಬಿಡುವ ಗೆರೆಗಳು ಇವು; ಕಾರವಾರದ ದಂಡೆಯಲ್ಲಿ ಇಳಿತದ ಹೊತ್ತಿಗೆ ಇಂದಿಗೂ ಇದೇ ಗೆರೆಗಳನ್ನು ಯಾರು ಬೇಕಾದರೂ ನೋಡಬಹುದು. ಉಬ್ಬಿನ ಎರಡೂ ಮಗ್ಗುಲುಗಳ ಇಳಿಜಾರು ಸಮನಾಗಿದ್ದರೆ ನೀರು ಅತ್ತಿತ್ತ ತೂಗಾಡುತ್ತಿತ್ತೆಂದೂ, ಒಂದು ಮಗ್ಗುಲು ಕಡಿದಾಗಿದ್ದರೆ ಆ ದಿಕ್ಕಿಗೆ ಪ್ರವಾಹವಿತ್ತೆಂದೂ ಬಲ್ಲವರು ಓದುತ್ತಾರೆ. ಬೆಣಚುಶಿಲೆಯ ಮೇಲಣ ಸುಣ್ಣಶಿಲೆ, ಡಾಲೊಮೈಟುಗಳಲ್ಲಿ, ಲೋಕಾಪುರ ಕಲಾದಗಿಗಳ ಕಡೆಗೆ, ಜೀವದ ಗುರುತೂ ಇದೆ: ಅಡ್ಡ ಕಡಿದ ಕಲ್ಲಿನಲ್ಲಿ, ಬೋರಲು ಹಾಕಿದ ಬಟ್ಟಲಿನ ಮೇಲೆ ಬಟ್ಟಲನ್ನು ಪೇರಿಸಿದಂತೆ, ಕಮಾನಿನ ಮೇಲೆ ಕಮಾನಾಗಿ ಏರಿರುವ ತೆಳುಪದರಗಳು. ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನೀರಿನ ತಳದಲ್ಲಿ ಲೋಳೆಯ ಚಾಪೆಯಾಗಿ ಹರಡಿ, ಮೇಲೆ ಬಿದ್ದ ಸುಣ್ಣದ ರೇಣುವನ್ನು ಹಿಡಿದು, ಅದರ ಮೇಲೆ ಮತ್ತೆ ಬೆಳೆದು, ಹೀಗೆ ಪದರ ಪದರವಾಗಿ ಕಟ್ಟಿದ ಈ ರಚನೆಗಳಿಗೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು. ನಾವು ಉಸಿರಾಡುವ ಆಮ್ಲಜನಕವನ್ನು ಭೂಮಿಯ ಗಾಳಿಗೆ ಮೊದಮೊದಲು ತುಂಬಿದವು ಇಂಥ ಚಾಪೆಗಳ ನೀಲಿಹಸುರು ಜೀವಿಗಳೇ.

ಕಿತ್ತೂರಿನ ನೆಲವಾದರೋ ಇದಕ್ಕಿಂತಲೂ ಪುರಾತನವಾದುದು. ಅದು ಧಾರವಾಡ ಶಿಲಾವರ್ಗಕ್ಕೆ ಸೇರಿದುದು, ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನದು. ಧಾರವಾಡವೆಂಬ ಹೆಸರನ್ನು ಆ ವರ್ಗಕ್ಕೆ ಕೊಟ್ಟವನೂ ಫೂಟನೇ.

ಹಾಗಾದರೆ ನಮ್ಮ ಸೀಮೆಗೆ ಬಸವನಹುಳುವಿನ ಪಳೆಯುಳಿಕೆ ಒದಗಲೇ ಇಲ್ಲವೆ? ಒದಗಿತು. ಬೈಲಹೊಂಗಲದ ಹತ್ತಿಯ ಎರೆಹೊಲಗಳನ್ನು ದಾಟಿ ವಾಯವ್ಯಕ್ಕೂ ಉತ್ತರಕ್ಕೂ ಸಾಗಿದರೆ ಬೆಳಗಾವಿ, ಗೋಕಾಕಗಳ ಕಡೆ ಕರಿಕಲ್ಲಿನ ಸೀಮೆ ಆರಂಭವಾಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು, ಕಾದ ಶಿಲಾರಸ ಮಡುಗಟ್ಟಿ ಹರಿದು, ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರು ನೆಲವನ್ನು ಮುಚ್ಚಿರುವ ದಖನ್ ಟ್ರಾಪಿನ ದಕ್ಷಿಣದ ಅಂಚು ಇದು. ಈ ಅಗ್ನಿಪ್ರವಾಹ ಒಂದೇ ಸಲ ಬಂದುದಲ್ಲ. ಒಂದು ಪ್ರವಾಹ ಹರಿದು ಆರಿ ಗಟ್ಟಿಯಾದ ಮೇಲೆ ಸಾವಿರಾರು ವರ್ಷಗಳ ವಿರಾಮ. ಆ ವಿರಾಮದಲ್ಲಿ ಕಲ್ಲಿನ ತಗ್ಗುಗಳಲ್ಲಿ ಮಳೆಯ ನೀರು ನಿಂತು ಕೆರೆಗಳಾಗುವುದು, ಕೆರೆಯ ದಂಡೆಯಲ್ಲಿ ಗಿಡಗಂಟಿ ಹುಟ್ಟುವುದು, ನೀರಿನಲ್ಲಿ ಪಾಚಿ, ಹುಳು, ಮೀನು, ಕಪ್ಪೆ ಬಾಳುವುದು. ಅಷ್ಟರಲ್ಲಿ ಮತ್ತೊಂದು ಪ್ರವಾಹ ಬಂದು ಎಲ್ಲವನ್ನೂ ಮುಚ್ಚುವುದು. ಎರಡು ಕರಿಕಲ್ಲಿನ ಪದರಗಳ ನಡುವೆ ಕೆಲವೆಡೆ ಗೇಣುದ್ದ, ಕೆಲವೆಡೆ ಆಳುದ್ದ ಉಳಿದ ಆ ಕೆರೆಯ ಕೆಸರೇ ಇಂದಿನ ಅಂತರ್‌ಟ್ರಾಪ್ ಪದರ. ಗೋಕಾಕ ತಾಲೂಕಿನ ಮಮದಾಪುರದ ಬಳಿ ಸಿಹಿನೀರಿನ ಚಿಪ್ಪುಗಳುಳ್ಳ ಇಂಥ ಪದರವಿದೆ. ಪೂರ್ವಕ್ಕೆ ಕಲಬುರಗಿ ಜಿಲ್ಲೆಯಲ್ಲಿಯೂ ಇವೆ.

ದಖನ್ ಪ್ರಸ್ಥಭೂಮಿಯ ಉದ್ದಗಲಕ್ಕೂ ಈ ಪದರಗಳ ಗುರುತಿನ ಪ್ರಾಣಿಯಾಗಿರುವುದು ಒಂದು ನಶಿಸಿಹೋದ ಬಸವನಹುಳು. ನಿರ್ಮಲ್ ಬೆಟ್ಟಗಳ ಸುತ್ತಮುತ್ತ ಮಾಲ್ಕಮ್‌ಸನ್ ಎಂಬ ಮದರಾಸಿನ ಸೇನಾವೈದ್ಯ ಕಲೆಹಾಕಿದ ಚಿಪ್ಪುಗಳನ್ನು ಪರೀಕ್ಷಿಸಿ, ಇಂಗ್ಲೆಂಡಿನ ಸೋವರ್ಬಿ ಎಂಬ ವಿದ್ವಾಂಸ 1840ರಲ್ಲಿ ಅದಕ್ಕೆ ಫೈಸಾ ಪ್ರಿನ್ಸೆಪಿಯೈ ಎಂದು ಹೆಸರಿಟ್ಟ. ಈಚೆಗೆ ಅದನ್ನು ಪ್ಲಾಟಿಫೈಸಾ ಎಂಬ ಬೇರೊಂದು ಕುಲಕ್ಕೆ ಸೇರಿಸಲಾಗಿದೆ. ಯಾರ ಹೆಸರನ್ನು ಆ ಹುಳು ಹೊತ್ತಿದೆಯೋ ಆ ಜೇಮ್ಸ್ ಪ್ರಿನ್ಸೆಪ್ ಬೇರಾರೂ ಅಲ್ಲ, ಅದಕ್ಕೆ ಮೂರೇ ವರ್ಷ ಮೊದಲು ಅಶೋಕನ ಬ್ರಾಹ್ಮೀ ಲಿಪಿಯನ್ನು ಓದಿ ಈ ದೇಶಕ್ಕೆ ಅದರ ಇತಿಹಾಸವನ್ನು ಮರಳಿ ಕೊಟ್ಟ ಮಹಾನುಭಾವ. ಹುಳುವಿಗೆ ಹೆಸರು ಬಂದ ವರ್ಷವೇ ಆತ ನಲವತ್ತರ ಹರೆಯದಲ್ಲಿ ತೀರಿಕೊಂಡ. ಶಾಸನವನ್ನು ಓದಿದವನ ಹೆಸರು ಕಲ್ಲಿನೊಳಗಣ ಜೀವಿಗೂ ಬಂದುದು, ಎರಡನ್ನೂ ಒಂದೇ ಗೌರವದಿಂದ ಕಾಣುತ್ತಿದ್ದ ವಿದ್ವತ್ತಿನ ಕಾಲವೊಂದಿತ್ತೆಂಬುದನ್ನು ನೆನಪಿಗೆ ತರುತ್ತದೆ.

ಈ ಚಿಪ್ಪನ್ನು ಕೈಯಲ್ಲಿ ಹಿಡಿದು ನೋಡುವುದೇ ಒಂದು ಸೌಭಾಗ್ಯ. ಚಿಕ್ಕವು ಬೆರಳಿನ ಉಗುರಿನಷ್ಟು, ದೊಡ್ಡವು ಎರಡು ಅಂಗುಲದಷ್ಟು. ತುದಿಯ ಗೋಪುರ ಗಿಡ್ಡ, ಕೊನೆಯ ಸುತ್ತು ಮಾತ್ರ ಉಬ್ಬಿ ಚಿಪ್ಪಿನ ಬಹುಭಾಗವನ್ನು ಆಕ್ರಮಿಸಿರುತ್ತದೆ. ತುದಿಯನ್ನು ಮೇಲೆ ಮಾಡಿ, ಬಾಯನ್ನು ನಮ್ಮ ಕಡೆಗೆ ತಿರುಗಿಸಿ ಹಿಡಿದರೆ ಬಾಯಿ ಎಡಗಡೆಗೆ ಬೀಳುತ್ತದೆ. ಜಗತ್ತಿನ ಬಹುಪಾಲು ಬಸವನಹುಳುಗಳಲ್ಲಿ ಅದು ಬಲಗಡೆಗಿರುವುದು. ನಮ್ಮ ಮನೆಗಳಲ್ಲಿ ಬಲಮುರಿ ಶಂಖವೆಂದು, ದಕ್ಷಿಣಾವರ್ತವೆಂದು, ಅಪೂರ್ವವಾದ ಪೂಜಾವಸ್ತುವೆಂದು ಇಟ್ಟುಕೊಳ್ಳುವ ಶಂಖದ ಸುರುಳಿಯೂ ಇದೇ ದಿಕ್ಕಿನದು. ನಾವು ಶಂಖವನ್ನು ತಲೆಕೆಳಗಾಗಿ ಹಿಡಿಯುವುದರಿಂದ ಅದನ್ನು ಬಲಮುರಿಯೆನ್ನುತ್ತೇವೆ, ಅಷ್ಟೆ. ಸಮುದ್ರದ ಶಂಖದಲ್ಲಿ ಅಪರೂಪಕ್ಕೊಮ್ಮೆ ಕಾಣುವ ಆ ಸುರುಳಿ ಕೆರೆಯ ಈ ಹುಳುವಿಗೆ ಜನ್ಮಧರ್ಮವಾಗಿತ್ತು. ಚಿಪ್ಪಿನ ಸುಣ್ಣ ಕರಗಿಹೋಗಿ, ಕರಿಕಲ್ಲಿನಿಂದ ಬಸಿದ ನೀರಿನ ಸಿಲಿಕ ಅದರ ಜಾಗವನ್ನು ತುಂಬಿದುದರಿಂದ ಎಷ್ಟೋ ಚಿಪ್ಪುಗಳು ಚಕಮಕಿ ಕಲ್ಲಾಗಿಯೇ ಉಳಿದಿವೆ. ಉಕ್ಕಿನಿಂದ ಗೀರಿದರೂ ಅವು ಜಗ್ಗುವುದಿಲ್ಲ.

ಇಷ್ಟು ಮೃದುವಾದ ಪ್ರಾಣಿ ಅಷ್ಟು ಭೀಕರವಾದ ಕಾಲದಲ್ಲಿ ಹೇಗೆ ಬಾಳಿತು? ಇಂದು ಜೀವಂತವಾಗಿರುವ ಅದರ ಬಂಧುಗಳನ್ನು ನೋಡಿ ಊಹಿಸಬಹುದು. ಅವಕ್ಕೆ ಕಿವಿರುಗಳಿಲ್ಲ, ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡುತ್ತವೆ, ಆದುದರಿಂದ ಬೆಚ್ಚಗಿನ, ಕೆಸರಾದ, ಆಮ್ಲಜನಕ ಕಡಮೆಯಾದ ಹೊಂಡದಲ್ಲಿಯೂ ಬದುಕಬಲ್ಲವು. ಒಂದೇ ದೇಹದಲ್ಲಿ ಗಂಡು ಹೆಣ್ಣು ಎರಡರ ಅಂಗಗಳೂ ಇರುವುದರಿಂದ, ಹೊಸದಾಗಿ ನೀರು ನಿಂತ ಹೊಂಡಕ್ಕೆ ಒಂದೇ ಒಂದು ಹುಳು ಹೇಗೋ ಬಂದು ಸೇರಿದರೂ ಸಂತತಿ ನಡೆಯಬಲ್ಲುದು. ದಖನ್ನಿನ ಫೈಸಾವೂ ಹೀಗೆಯೇ ಒಂದು ಹೊಂಡ ಮುಚ್ಚಿಹೋದರೆ ಇನ್ನೊಂದಕ್ಕೆ ಹಬ್ಬುತ್ತ ಬಂದಿರಬೇಕು. ದೈತ್ಯ ಉರಗಗಳು ನಿರ್ನಾಮವಾದ ಆ ಯುಗಸಂಧಿಯ ಕಥೆಯನ್ನು ಹೇಳುವವರು ಸಾವನ್ನು ಮಾತ್ರ ಹೇಳಿ ಮುಗಿಸುತ್ತಾರೆ. ಎರಡು ಬೆಂಕಿಗಳ ನಡುವಣ ಹೊಂಡದಲ್ಲಿ ತಲೆಮಾರಿನ ಮೇಲೆ ತಲೆಮಾರು ಮೊಟ್ಟೆಯಿಟ್ಟು ಬಾಳಿದ ಈ ಹುಳುವಿನ ಸಾಕ್ಷಿಯಿಲ್ಲದೆ ಆ ಕಥೆ ಅರ್ಧವೇ ಸರಿ. ಕೊನೆಗೆ ಈ ಜಾತಿಯೂ ಅಳಿಯಿತು. ಇಂದು ಜೀವಂತವಾಗಿ ಅದು ಎಲ್ಲಿಯೂ ಇಲ್ಲ.

ಕಡಲಿನ ಹುಳುವೇ ಬೇಕೆಂದವರು ಅದೇ ಕಾಲದ್ದನ್ನು ನೋಡಲು ಆಂಧ್ರದ ರಾಜಮಹೇಂದ್ರಿಯವರೆಗೆ ಹೋಗಬೇಕು. ಅಲ್ಲಿಯ ಟ್ರಾಪಿನ ಅಡಿಯ ಸುಣ್ಣಶಿಲೆಯಲ್ಲಿ ಟರಿಟೆಲ್ಲಾ ಎಂಬ, ಉದ್ದನೆಯ ಮೊನಚಾದ ಗೋಪುರದ ಪುಟ್ಟ ಸಮುದ್ರದ ಹುಳುಗಳ ಚಿಪ್ಪುಗಳು ದಟ್ಟವಾಗಿ ಅಡಕವಾಗಿವೆ. ಅವುಗಳನ್ನು ಮುಚ್ಚಿದ ಶಿಲಾರಸ ಪಶ್ಚಿಮಘಟ್ಟದ ಕಡೆಯಿಂದ ಪುರಾತನ ನದೀಕಣಿವೆಗಳನ್ನು ಹಿಡಿದು ಸಾವಿರ ಕಿಲೋಮೀಟರಿನಷ್ಟು ದೂರ ಹರಿದು ಬಂದುದೆಂದು ರಾಸಾಯನಿಕ ಪರೀಕ್ಷೆಯಿಂದ ವಿದ್ವಾಂಸರು ನಿಶ್ಚಯಿಸಿದ್ದಾರೆ. ಪಶ್ಚಿಮದ ಕೆರೆಯ ಫೈಸಾವೂ ಪೂರ್ವದ ಕಡಲಿನ ಟರಿಟೆಲ್ಲಾವೂ ಒಂದೇ ಮಹಾವಿಪತ್ತಿನಡಿ ಹುದುಗಿದ ಜೀವಿಗಳು.

ಇಷ್ಟನ್ನು ವಿಸ್ತಾರವಾಗಿ ಹೇಳಿದ ಉದ್ದೇಶವಿದೆ. ಸವದತ್ತಿಯ ರಟ್ಟರ ಶಾಸನಗಳನ್ನು ಫ್ಲೀಟ್ ಸಾಹೇಬನು ಓದಿ ಪ್ರಕಟಿಸಿದ ದಿನದಿಂದ ಆ ಶಾಸನಗಳಿಗೆ ನಾವು ಬೆಲೆ ಕೊಡುತ್ತ ಬಂದಿದ್ದೇವೆ. ಕಿತ್ತೂರಿನ ಕೋಟೆಯ ಒಂದು ಕಲ್ಲನ್ನು ಯಾರಾದರೂ ಕಿತ್ತರೆ ಊರಿಗೆ ಊರೇ ಸಿಟ್ಟಿಗೇಳುತ್ತದೆ, ಏಳಲೇಬೇಕು. ಶಾಸನಕ್ಕೆ, ಕೋಟೆಗೆ, ಗುಡಿಗೆ 1958ರ ಕೇಂದ್ರದ ಕಾಯಿದೆಯ ಆಸರೆಯಿದೆ, ರಾಜ್ಯದ ಕಾಯಿದೆಯ ಆಸರೆಯೂ ಇದೆ. ಮನುಷ್ಯನು ಕೆತ್ತಿದ ಗೆರೆಗೆ ಇರುವ ಈ ರಕ್ಷಣೆ, ನೂರು ಕೋಟಿ ವರ್ಷಗಳ ಹಿಂದೆ ನೀರು ಬರೆದ ಗೆರೆಗೆ ಇಲ್ಲ. ಭೂವೈಜ್ಞಾನಿಕ ಸರ್ವೇಕ್ಷಣವು ರಾಷ್ಟ್ರೀಯ ಭೂಸ್ಮಾರಕಗಳೆಂದು ಕೆಲವು ಸ್ಥಳಗಳನ್ನು ಘೋಷಿಸಿದೆ, ನಿಜ. ಕರ್ನಾಟಕದಲ್ಲಿ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು, ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಶಿಲೆ ಆ ಪಟ್ಟಿಯಲ್ಲಿ ಪ್ರಸಿದ್ಧವಾದವು. ಆದರೆ ಘೋಷಣೆಯ ಹಿಂದೆ ಶಿಕ್ಷೆಯ ಬಲವಿರುವ ಕಾಯಿದೆ ಬೇಕು. ಅಂಥದೊಂದು ಕಾಯಿದೆಯ ಕರಡನ್ನು ಕೇಂದ್ರದ ಗಣಿ ಸಚಿವಾಲಯವು 2022ರ ಡಿಸೆಂಬರಿನಲ್ಲಿ ಜನರ ಮುಂದಿಟ್ಟಿತು. ಕರಡಿನಿಂದ ಕಲ್ಲು ಉಳಿಯುವುದಿಲ್ಲ.

ಅಷ್ಟರೊಳಗೆ ಕಲ್ಲು ಒಡೆಯುತ್ತಲೇ ಇದೆ. ರಸ್ತೆಗೆ ಖಡಿ ಬೇಕು, ಮನೆಗೆ ಫರಸಿ ಬೇಕು, ಸಿಮೆಂಟಿಗೆ ಸುಣ್ಣಕಲ್ಲು ಬೇಕು. ಇವು ಯಾವುವೂ ಬೇಡವೆಂದು ಹೇಳುವ ಅಧಿಕಾರ ನನಗಿಲ್ಲ, ಕಲ್ಲುಕುಟಿಗನ ಮನೆಯ ಒಲೆ ಆರಬೇಕೆಂಬ ಇಚ್ಛೆಯಂತೂ ಇಲ್ಲವೇ ಇಲ್ಲ. ಕಲ್ಲಿನ ಮೈಯನ್ನು ಅವನಷ್ಟು ಬಲ್ಲವರು ಯಾರು? ಯಾವ ಕಲ್ಲು ಹಾಳೆ ಹಾಳೆಯಾಗಿ ಸೀಳುತ್ತದೆ, ಯಾವುದರ ಮೈಮೇಲೆ ಅಲೆಯಿದೆ, ಯಾವುದರೊಳಗೆ ಸುತ್ತುಸುತ್ತಾದ ಗುರುತಿದೆ ಎಂಬುದನ್ನು ಮೊದಲು ಕಾಣುವ ಕಣ್ಣು ಅವನದು. ಅವನಿಗೆ ಅದರ ಬೆಲೆಯನ್ನು ಹೇಳಿಕೊಟ್ಟವರಿಲ್ಲ. ಆದುದರಿಂದ ಅದು ಖಡಿ ಮಷೀನಿನ ಬಾಯಿಗೆ ಹೋಗುತ್ತದೆ. ನಷ್ಟವಾಗುವುದು ಇಡೀ ಗುಡ್ಡವಲ್ಲ, ಗುಡ್ಡದಲ್ಲಿ ಎಲ್ಲೋ ಒಂದೆಡೆ ಇರುವ ಹತ್ತು ಮಾರು ಹಾಸುಗಲ್ಲು. ಕ್ವಾರಿಯ ಗುತ್ತಿಗೆಯನ್ನು ಕೊಡುವ ಮೊದಲು ಒಬ್ಬ ಭೂವಿಜ್ಞಾನಿ ಒಂದು ದಿನ ಆ ಸ್ಥಳವನ್ನು ನಡೆದು ನೋಡಿ, ಆ ಹತ್ತು ಮಾರನ್ನು ಗುರುತು ಹಾಕಿ ಬಿಡಿಸಿದರೆ ಯಾರಿಗೂ ಹೊಟ್ಟೆಗೆ ಕೊರತೆಯಾಗದು.

ಸತ್ತ ಹುಳುವಿನಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಒಂದು ಪದರ ಕೆರೆಯದೋ ಕಡಲಿನದೋ ಎಂಬುದನ್ನು ನಿರ್ಣಯಿಸುವುದು ಇಂಥ ಚಿಪ್ಪು. ದೂರದ ಎರಡು ಪದರಗಳನ್ನು ಹೋಲಿಸಿ ನೋಡಲು ನೆರವಾಗುವುದು ಇಂಥ ಚಿಪ್ಪು. ಭೂಮಿಯ ಹವೆ ಕೆಟ್ಟಾಗ ಯಾವ ಜೀವಿ ಉಳಿಯಿತು, ಯಾವುದು ಅಳಿಯಿತು, ಏಕೆ, ಎಂಬ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಆಧಾರವೂ ಇದೇ. ಆದರೆ ಪ್ರಯೋಜನದ ಲೆಕ್ಕವೊಂದನ್ನೇ ಹಿಡಿದರೆ ರಟ್ಟರ ಶಾಸನದಿಂದಲೂ ಯಾರ ಹೊಲವೂ ಬೆಳೆಯುವುದಿಲ್ಲ. ತಾನು ನಿಂತ ನೆಲದ ವೃತ್ತಾಂತವನ್ನು ತಿಳಿಯುವುದು ಮನುಷ್ಯನಿಗೆ ಅನ್ನದಷ್ಟೇ ಸಹಜವಾದ ಹಸಿವೆಂದು ನಾನು ನಂಬಿದ್ದೇನೆ. ಫೂಟನು ಗೋಕಾಕದ ಸಮೀಪ ಹಳ್ಳದ ದಂಡೆಯ ಮಣ್ಣಿನಲ್ಲಿ ಕಂಡ, ನಶಿಸಿದ ಖಡ್ಗಮೃಗವೊಂದರ ಎಲುಬುಗಳನ್ನು 1874ರಲ್ಲಿ ವರ್ಣಿಸಿ, ದಖನ್ನಿನ ಹೆಸರನ್ನೇ ಅದಕ್ಕಿಟ್ಟ. ಘಟಪ್ರಭೆಯ ದಂಡೆಯಲ್ಲಿ ಖಡ್ಗಮೃಗ ಮೇಯುತ್ತಿತ್ತೆಂದು ಕೇಳಿದ ಹುಡುಗನ ಕಣ್ಣು ಅರಳುವುದನ್ನು ನೋಡಿದ ಶಿಕ್ಷಕನಿಗೆ ಈ ಹಸಿವಿನ ವಿಷಯದಲ್ಲಿ ಬೇರೆ ಸಾಕ್ಷಿ ಬೇಡ.

ಆಗಬೇಕಾದ ಕೆಲಸಗಳು ದೊಡ್ಡವಲ್ಲ. ಕಿತ್ತೂರಿನ ಕೋಟೆಯೊಳಗೆ ಈಗಾಗಲೇ ವಸ್ತುಸಂಗ್ರಹಾಲಯವಿದೆ; ಚೆನ್ನಮ್ಮನ ನಾಡಿನ ಖಡ್ಗ, ವಿಗ್ರಹ, ಶಾಸನಗಳ ಜೊತೆಗೆ ಆ ನಾಡಿನ ಶಿಲೆಗಳಿಗೂ ಒಂದು ಕೋಣೆ ದೊರೆಯಲಿ: ಧಾರವಾಡದ ಶಿಲೆ, ಸವದತ್ತಿಯ ಅಲೆಗಲ್ಲು, ಲೋಕಾಪುರದ ಸ್ಟ್ರೊಮ್ಯಾಟೊಲೈಟು, ಮಮದಾಪುರದ ಚಿಪ್ಪು, ಪ್ರತಿಯೊಂದಕ್ಕೂ ಸರಳ ಕನ್ನಡದಲ್ಲಿ ನಾಲ್ಕು ಸಾಲು ವಿವರ. ಯಲ್ಲಮ್ಮನ ಗುಡ್ಡದ ದಾರಿಯಲ್ಲಿ, ಯಾತ್ರಿಕರು ವಿಶ್ರಮಿಸಿಕೊಳ್ಳುವಲ್ಲಿ, ಈ ಗುಡ್ಡ ಕಡಲಿನ ಮರಳಿನಿಂದಾದುದೆಂದು ತಿಳಿಸುವ ಒಂದು ಫಲಕವನ್ನು ನಿಲ್ಲಿಸಲಿ. ಅದರಿಂದ ತಾಯಿಯ ಮಹಿಮೆಗೆ ಕುಂದಿಲ್ಲ. ಜಿಲ್ಲಾಡಳಿತವು ಕ್ವಾರಿಯ ಗುತ್ತಿಗೆಯ ಕಾಗದದಲ್ಲಿ ಪಳೆಯುಳಿಕೆಯನ್ನೂ ಅಲೆಗಲ್ಲನ್ನೂ ಕುರಿತ ಒಂದು ಷರತ್ತನ್ನು ಸೇರಿಸಲಿ. ನಾಲ್ಕು ತಾಲೂಕುಗಳ ವಿಜ್ಞಾನದ ಉಪಾಧ್ಯಾಯರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ನವಿಲುತೀರ್ಥದ ಗುಡ್ಡಗಳಿಗೋ ಸೊಗಲದ ಜಲಪಾತಕ್ಕೋ ಕರೆದೊಯ್ದು, ಕಲ್ಲನ್ನು ಮುಟ್ಟಿ ನೋಡಲು ಹೇಳಲಿ.

ಇನ್ನು ಓದುಗರಲ್ಲಿ ನನ್ನ ವಿಜ್ಞಾಪನೆ. ನಿಮ್ಮ ಹೊಲದ ಬದುವಿನಲ್ಲಿ, ಬಾವಿ ತೋಡಿದ ಮಣ್ಣಿನಲ್ಲಿ, ಮನೆಗೆ ತಂದ ಫರಸಿಯ ಮೇಲೆ ಅಲೆಯ ಗೆರೆಯಾಗಲಿ, ಸುರುಳಿಯ ಗುರುತಾಗಲಿ, ಪದರ ಪದರದ ಕಮಾನಾಗಲಿ ಕಂಡರೆ ದಯಮಾಡಿ ಅದನ್ನು ಒಡೆಯಬೇಡಿರಿ, ಮಾರಬೇಡಿರಿ, ಇದ್ದ ಜಾಗದಿಂದ ಕದಲಿಸಬೇಡಿರಿ. ಅದರ ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯವನ್ನಿಟ್ಟು ಚಿತ್ರ ತೆಗೆದು, ಊರು, ಸರ್ವೆ ನಂಬರು, ದಿನಾಂಕಗಳನ್ನು ಬರೆದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ಕಚೇರಿಗೋ ಒಂದು ಪತ್ರ ಹಾಕಿರಿ.